ನಾಳೆ ಬಾ

1990ರ ದಶಕದಲ್ಲಿ ನಮ್ಮ ನಾಡಿನ ಅನೇಕ ಊರುಗಳಲ್ಲಿ ಮನೆಯ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದುದು ವಾಚಕರಲ್ಲಿ ಹಲವರಿಗೆ ನೆನಪಿರಬಹುದು. ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವವು ಆ ಬರಹವನ್ನು ಓದಿಕೊಂಡು ಹಿಂದಿರುಗುತ್ತದೆ, ಮರುರಾತ್ರಿ ಬಂದರೂ ಅದೇ ಬರಹವೇ ಅದಕ್ಕೆ ಎದುರಾಗುತ್ತದೆ ಎಂಬುದು ಆಗಿನ ನಂಬಿಕೆ. ಹುಡುಗನಾಗಿದ್ದ ನಾನು ದೆವ್ವಕ್ಕೆ ಹೆದರಿದ್ದೆನೇ ಹೊರತು ಅದರ ಕಷ್ಟವನ್ನು ಯೋಚಿಸಿರಲಿಲ್ಲ. ಆ ಕಷ್ಟ ನನಗೆ ತಿಳಿದದ್ದು ಇಪ್ಪತ್ತು ವರ್ಷಗಳ ಮೇಲೆ, ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ, ಒಂದು ಮೋಟಾರು ಗ್ಯಾರೇಜಿನ ಮುಂದೆ.

ಉದ್ಯೋಗನಿಮಿತ್ತವಾಗಿ ನಾನು ಆ ಊರಿನಲ್ಲಿ ಕೆಲವು ವರ್ಷ ಇದ್ದೆ. ನೆರೆಮನೆಯಲ್ಲಿ ಎಂಬತ್ತೈದು ದಾಟಿದ ವೃದ್ಧೆಯೊಬ್ಬರು ಒಂಟಿಯಾಗಿ ವಾಸಿಸುತ್ತಿದ್ದರು. ಅವರ ಯಜಮಾನರು ಊರಂಚಿನ ಕೌಲಿಯ ಮಾರಿಸ್ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ದುಡಿದು ತೀರಿಕೊಂಡವರು. ಅವರು ಬಿಟ್ಟುಹೋದ 1959ರ ಮಾರಿಸ್ ಮೈನರ್ ಕಾರೊಂದು ಹಿತ್ತಿಲ ಶೆಡ್ಡಿನಲ್ಲಿ ಧೂಳು ಹೊದ್ದುಕೊಂಡು ನಿಂತಿತ್ತು.

ಮೈನರ್ ಸಾಮಾನ್ಯದ ಕಾರಲ್ಲ. ಅಲೆಕ್ ಇಸಿಗೋನಿಸ್ ರೂಪಿಸಿದ ಈ ಕಾರು 1948ರಲ್ಲಿ ಹೊರಬಂದಿತು. ಮಾದರಿ ಸಿದ್ಧವಾದ ಮೇಲೆ ಅದು ತೀರ ಕಿರಿದಾಯಿತೆಂದು ಅವನಿಗೆ ತೋರಿ, ಅದನ್ನು ಉದ್ದಕ್ಕೆ ಸೀಳಿಸಿ, ಎರಡು ಹೋಳುಗಳನ್ನು ನಾಲ್ಕು ಅಂಗುಲ ದೂರ ಸರಿಸಿ ನೋಡಿದನಂತೆ. ಬಾನೆಟ್ಟಿನ ನಡುವೆ ಬೈತಲೆಯಂತಿರುವ ಉಬ್ಬುಪಟ್ಟಿ ಆ ನಾಲ್ಕು ಅಂಗುಲದ ಗುರುತು. ನಮ್ಮ ದೇಶದಲ್ಲಿ ಇದೇ ಮೈನರ್ ‘ಬೇಬಿ ಹಿಂದೂಸ್ತಾನ್’ ಎನಿಸಿಕೊಂಡು ಓಡಿತು. 2014ರವರೆಗೆ ಉತ್ತರಪಾರದಲ್ಲಿ ತಯಾರಾಗುತ್ತಿದ್ದ ನಮ್ಮ ಅಂಬಾಸಡರಿನ ಮೂಲವೂ ಕೌಲಿಯ ಮಾರಿಸ್ ಆಕ್ಸ್‌ಫರ್ಡ್ ಕಾರೇ. ಅಂಬಾಸಡರಿನ ಹಿಂದಿನ ಸೀಟಿನಲ್ಲಿ ಅಣ್ಣತಮ್ಮಂದಿರೊಡನೆ ಒತ್ತಿಕೊಂಡು ಕುಳಿತು ಬೆಳೆದ ನನಗೆ ಆ ಶೆಡ್ಡಿನಲ್ಲಿದ್ದದ್ದು ದೂರದ ಬಂಧುವಿನಂತೆ ಕಂಡಿತು.

2016ರ ವಸಂತದಲ್ಲಿ ಆಕೆ ಕಾರನ್ನು ನನಗೇ ಕೊಟ್ಟುಬಿಟ್ಟರು, ಬೆಲೆಯನ್ನು ಕೇಳಲಿಲ್ಲ. ಒಂದೇ ಒಂದು ಷರತ್ತು: ಓಡುವಂತಾದ ಮೇಲೆ ಅವರನ್ನು ಒಮ್ಮೆ ಯಜಮಾನರ ಕಾರ್ಖಾನೆಯ ಬಾಗಿಲಿನವರೆಗೆ ಕರೆದುಕೊಂಡು ಹೋಗಬೇಕು. ಹಳೆಯ ಮಾರಿಸ್ ಕಟ್ಟಡಗಳನ್ನು 1990ರ ದಶಕದಲ್ಲೇ ಕೆಡವಿದ್ದರು. ಆ ಬಾಗಿಲು ಈಗಿಲ್ಲ. ಅದು ಅವರಿಗೂ ತಿಳಿದಿತ್ತು. “ಜಾಗ ಎಲ್ಲಿಗೂ ಹೋಗಿಲ್ಲವಲ್ಲ” ಎಂದರು.

ನಾನು ಗ್ಯಾರೇಜುಗಳನ್ನು ವಿಚಾರಿಸಿದೆ. ಇಬ್ಬರು ಒಂದು ವರ್ಷವಾದರೂ ಬೇಕೆಂದರು. ಮೂರನೆಯವನು ತರುಣ, ಮಾತುಗಾರ. ಮೂರು ತಿಂಗಳು ಸಾಕೆಂದ. ಮನುಷ್ಯಸ್ವಭಾವಕ್ಕೆ ಅನುಸಾರವಾಗಿ ನಾನು ಮೂರನೆಯವನನ್ನೇ ನಂಬಿ, ಅರ್ಧ ಹಣವನ್ನು ಮುಂಗಡ ಕೊಟ್ಟು ಬಂದೆ.

ಆಮೇಲಿನದು ನೆಪಗಳ ಚರಿತ್ರೆ. ಮೊದಲು ಬೆಸುಗೆಯವನು ರಜದಲ್ಲಿದ್ದ. ಬಳಿಕ ತಗಡು ಬಂದಿರಲಿಲ್ಲ. ಬಂದದ್ದು ಬೇರೆ ಅಳತೆಯದು. ಆಮೇಲೆ ಬೆಸುಗೆಯವನಿಗೆ ಬೆನ್ನುನೋವು. ಪ್ರತಿಯೊಂದು ಸಂಭಾಷಣೆಯೂ “ಮುಂದಿನ ಮಂಗಳವಾರ” ಎಂಬಲ್ಲಿಗೆ ಮುಗಿಯುತ್ತಿತ್ತು. ನಮ್ಮಲ್ಲಿ ದೀಪಾವಳಿಯ ಹೊತ್ತಿಗೆ ದರ್ಜಿಯೂ ಮದುವೆಯ ಹೊತ್ತಿಗೆ ಅಕ್ಕಸಾಲಿಯೂ ಆಡುವ ಮಾತುಗಳೇ ಅವು; ಇಂಗ್ಲಿಷಿನಲ್ಲಿ ಕೇಳಿದ್ದರಿಂದ ನನಗೆ ನಿಜವೆಂದು ತೋರಿದವು.

ಆದರೆ ಒಂದು ವ್ಯತ್ಯಾಸವಿತ್ತು. ನಮ್ಮೂರಿನಲ್ಲಿ ಕಾರು ಕೆಟ್ಟರೆ ಮಾಲೀಕನು ಮಿಸ್ತ್ರಿಯ ಶೆಡ್ಡಿನಲ್ಲೇ ಒಂದು ಸ್ಟೂಲು ಎಳೆದುಕೊಂಡು ಕುಳಿತುಬಿಡುತ್ತಾನೆ. ಚಹಾ ತರಿಸುತ್ತಾನೆ, ರಾಜಕೀಯ ಮಾತಾಡುತ್ತಾನೆ. ನಡುವೆ ಸ್ಪ್ಯಾನರನ್ನು ಎತ್ತಿಕೊಟ್ಟರೂ ಕೊಟ್ಟನು. ಆ ಕುಳಿತುಕೊಳ್ಳುವುದೇ ಅರ್ಧ ರಿಪೇರಿ. ಅಲ್ಲಿಯೋ, ಕೆಲಸದ ಜಾಗಕ್ಕೆ ಗಿರಾಕಿಗಳು ಬರಕೂಡದೆಂದು ವಿಮೆಯ ಹೆಸರಿನಲ್ಲಿ ಫಲಕ ತೂಗುತ್ತಿತ್ತು. ನನಗೆ ಉಳಿದದ್ದು ಟೆಲಿಫೋನು ಒಂದೇ. ಅದು ಕೇಳುತ್ತದೆ, ನೋಡಲಾರದು.

ಪ್ರತಿ ಭಾನುವಾರ ನೆರೆಮನೆಗೆ ಹೋಗುವುದು ನನ್ನ ರೂಢಿ. ಆಕೆ ಕಾರಿನ ವಿಷಯವನ್ನು ತಾವಾಗಿ ಎತ್ತುತ್ತಿರಲಿಲ್ಲ. ನಾನೇ, “ಇನ್ನೇನು, ಮುಂದಿನ ತಿಂಗಳು” ಎನ್ನುತ್ತಿದ್ದೆ. 2017ರ ಬೇಸಗೆಯಲ್ಲಿ ಅವರು ಬಿದ್ದು, ಕೆಲವು ವಾರ ಆಸ್ಪತ್ರೆಯಲ್ಲಿದ್ದು, ಕೈಗೊಂದು ಊರುಗೋಲನ್ನು ಹಿಡಿದು ಮನೆಗೆ ಬಂದರು. ಅಂದೂ ನಾನು “ಮುಂದಿನ ತಿಂಗಳು” ಎಂದೆ. ಆಕೆ ನನ್ನ ಮುಖವನ್ನು ನೋಡಿ, “ನೀನು ಹೇಳುವುದು ನನ್ನ ಸಂತೋಷಕ್ಕೋ, ನಿನ್ನ ಸಂತೋಷಕ್ಕೋ?” ಎಂದರು. ಗ್ಯಾರೇಜಿನವನು ನನ್ನ ಬಾಗಿಲಿನ ಮೇಲೆ ಬರೆದದ್ದನ್ನೇ ನಾನು ಆ ಮುದುಕಿಯ ಬಾಗಿಲಿನ ಮೇಲೆ ನಕಲು ಮಾಡುತ್ತಿದ್ದೆನೆಂಬುದು ಆಗ ಹೊಳೆಯಿತು.

ಮರುದಿನ ಬಿಡಿಭಾಗಗಳ ಅಂಗಡಿಗೆ ನಾನೇ ಫೋನು ಮಾಡಿದೆ. ಮೈನರಿನ ಭಾಗಗಳಿಗೆ ಆ ದೇಶದಲ್ಲಿ ಬರವಿಲ್ಲ. ನೆಲದ ತಗಡಿನಿಂದ ಬಾಗಿಲಿನ ರಬ್ಬರಿನವರೆಗೆ ಹೊಸದಾಗಿ ಮಾಡಿ ಮಾರುತ್ತಾರೆ. ನಾನು ವರ್ಷದಿಂದ ಕಾಯುತ್ತಿದ್ದ ತಗಡು ಎರಡು ದಿನದಲ್ಲಿ ತಲುಪುತ್ತದೆಂದರು. ಹೇಳದೆ ಕೇಳದೆ ಗ್ಯಾರೇಜಿಗೆ ಹೋದೆ. ಕಾರು ಹಿಂಭಾಗದ ಬಯಲಿನಲ್ಲಿ, ಗಾಜು ಇಳಿಸಿದ ಸ್ಥಿತಿಯಲ್ಲಿ, ಮಳೆಗೆ ಮೈಯೊಡ್ಡಿ ನಿಂತಿತ್ತು. ಸೀಟುಗಳಿರಲಿಲ್ಲ. ಬಿಚ್ಚಿದ ಭಾಗಗಳು ಹೆಸರಿಲ್ಲದ ಡಬ್ಬಗಳಲ್ಲಿ ತುಕ್ಕು ಹಿಡಿಯುತ್ತಿದ್ದವು. ನಾನು ಜಗಳವಾಡಲಿಲ್ಲ, ಸಿಕ್ಕಿದ್ದನ್ನೆಲ್ಲ ಬಾಡಿಗೆ ಟ್ರೇಲರಿನ ಮೇಲೆ ಹೇರಿಕೊಂಡು ಬಂದೆ. ಮುಂಗಡ ಮರಳಲಿಲ್ಲ.

ಆ ನವೆಂಬರಿನಲ್ಲಿ, ಹಳ್ಳಿಯೊಂದರಲ್ಲಿ ಒಬ್ಬನೇ ಕೆಲಸ ಮಾಡುವ ಮುದಿ ಮೆಕ್ಯಾನಿಕ್ ಸಿಕ್ಕಿದ. ಕಾರಿನ ಸುತ್ತ ಎರಡು ಸಲ ಸುತ್ತಿ ಅವನೆಂದ: “ಮಾರ್ಚಿಗೆ ಮುಂಚೆ ನಾನಿದನ್ನು ಮುಟ್ಟುವುದಿಲ್ಲ. ಮುಟ್ಟಿದ ಮೇಲೆ ಒಂದು ವರ್ಷ.” ಇಷ್ಟು ಸಮಾಧಾನಕರವಾದ ಮಾತನ್ನು ನಾನು ಹದಿನೇಳು ತಿಂಗಳಿಂದ ಕೇಳಿರಲಿಲ್ಲ.

ಹಿಂದಿನವನ ಮೇಲೆ ನಾನು ದೂರು ಹೇಳಿದಾಗ ಅವನು ನನ್ನನ್ನು ಕಾರಿನೊಳಕ್ಕೆ ಬಗ್ಗಿಸಿ ತೋರಿಸಿದ. ಮೈನರಿನ ಬ್ರೇಕಿನ ಮಾಸ್ಟರ್ ಸಿಲಿಂಡರ್ ಇರುವುದು ಚಾಲಕನ ಪಾದದಡಿಯಲ್ಲಿ, ನೆಲದ ತೊಲೆಯೊಳಗೆ. ಅದರ ಬೋಲ್ಟುಗಳನ್ನು ಎಳೆಯಲು ಸಸ್ಪೆನ್ಷನ್ನಿನ ಉದ್ದ ಸರಳು ಅಡ್ಡ. ಸರಳನ್ನು ಸರಿಸದೆ ಬೋಲ್ಟು ಹೊರಬರದು. “ಅರಿಯದವನು ಒಂದು ಗಂಟೆಯ ಕೆಲಸ ಎನ್ನುತ್ತಾನೆ, ಒಂದು ದಿನ ಹೋಗುತ್ತದೆ. ತುಕ್ಕೂ ಹಾಗೆಯೇ, ಕೊಯ್ದ ಮೇಲೆಯೇ ಅದರ ಆಳ ತಿಳಿಯುವುದು. ಈ ಕಾರಿಗೆ ಬೇರೆ ಚೌಕಟ್ಟಿಲ್ಲ, ಮೈಯೇ ಭಾರ ಹೊರಬೇಕು. ಮೇಲೆ ತೇಪೆ ಹಾಕಿ ಕಳಿಸುವಂತಿಲ್ಲ. ಅಂದಾಜು ತಪ್ಪಿತೆಂದು ಹೇಳಲು ಆ ಹುಡುಗನಿಗೆ ನಾಚಿಕೆ. ಅಷ್ಟರಲ್ಲಿ ಇನ್ನೊಬ್ಬರ ಕಾರು ಬರುತ್ತದೆ. ಅವರು ಬೆಳಿಗ್ಗೆ ಅದರಲ್ಲೇ ಕೆಲಸಕ್ಕೆ ಹೋಗಬೇಕು. ನಿಮ್ಮದು ಕಾಯಬಲ್ಲದು. ಕಾಯಬಲ್ಲದ್ದು ಯಾವಾಗಲೂ ಹಿಂದಿನ ಬಯಲಿಗೆ ಹೋಗುತ್ತದೆ.”

ಅವನ ಕರಾರುಗಳು ಸರಳವಾಗಿದ್ದವು. ಮಾರ್ಚಿಯವರೆಗೆ ಕಾರೂ ಅದರ ಕಾಗದಪತ್ರಗಳೂ ನನ್ನಲ್ಲೇ ಇರಬೇಕು. ಪ್ರತಿಯೊಂದು ಭಾಗದ ಚಿತ್ರ ತೆಗೆದು, ಚೀಲಕ್ಕೆ ಹಾಕಿ, ಹೆಸರು ಬರೆಯಬೇಕು. ಮುಗಿದ ಹಂತಕ್ಕೆ ಮಾತ್ರ ಹಣ. ಪ್ರತಿ ಶುಕ್ರವಾರ ಸಂಜೆ ನಾನು ಬಂದು ನೋಡಬೇಕು. ಕೊನೆಯದನ್ನು ಕೇಳಿದಾಗ ನನಗೆ ನಮ್ಮೂರಿನ ಸ್ಟೂಲೇ ಮರಳಿ ಸಿಕ್ಕಂತಾಯಿತು.

ಅಂದೇ ನೆರೆಮನೆಗೆ ಹೋಗಿ, “ಇನ್ನೂ ಹದಿನಾರು ತಿಂಗಳು ಬೇಕು” ಎಂದೆ. ಆಕೆ ಬೆರಳು ಮಡಿಸಿ ಎಣಿಸಿ, “ಹಾಗಾದರೆ ನಾನು ಇರಲು ಪ್ರಯತ್ನಿಸುತ್ತೇನೆ” ಎಂದರು.

ಹತ್ತನೆಯ ತಿಂಗಳಿನಲ್ಲಿ, ಹಿಂದಿನ ಸ್ಪ್ರಿಂಗುಗಳನ್ನು ಹಿಡಿಯುವ ಜಾಗವೂ ತುಕ್ಕು ತಿಂದಿದೆ, ಒಂದು ತಿಂಗಳು ಹೆಚ್ಚು ಬೇಕೆಂದು ಮುದುಕ ತಾನಾಗಿಯೇ ಹೇಳಿದ. ಅದನ್ನೂ ನಾನು ಹಾಗೆಯೇ ಅವರಿಗೆ ತಿಳಿಸಿದೆ.

2019ರ ಏಪ್ರಿಲಿನ ಒಂದು ಶನಿವಾರ ಆಕೆಯನ್ನು ಎಡಗಡೆಯ ಸೀಟಿನಲ್ಲಿ ಕೂರಿಸಿಕೊಂಡು ಕೌಲಿಗೆ ಹೊರಟೆ. ರಸ್ತೆಯ ಒಂದು ಕಡೆ ಈಗಲೂ ಮಿನಿ ಕಾರುಗಳು ತಯಾರಾಗುತ್ತವೆ. ಅವರಿಗೆ ಬೇಕಾಗಿದ್ದ ಬಾಗಿಲಿನ ಜಾಗದಲ್ಲಿ ಗಾಜಿನ ಕಚೇರಿಗಳು ನಿಂತಿವೆ. ತಿರುವು ಎಡಕ್ಕಿತ್ತು. ಆ ಕಾಲದ ಮೈನರಿಗೆ ಮಿನುಗುವ ದೀಪಗಳಿಲ್ಲ. ಬಾಗಿಲಿನ ಹಿಂದಿನ ಕಂಬದಿಂದ ಪುಟ್ಟ ಕೈಯೊಂದು ಹೊರಚಾಚಿ ದಿಕ್ಕು ತೋರಬೇಕು. ಗುಂಡಿಯನ್ನು ತಿರುಗಿಸಿದೆ. ಎಡಗಡೆಯದು ಕದಲಲಿಲ್ಲ.

“ಅದು 1963ರಿಂದಲೂ ಹಾಗೆಯೇ” ಎಂದು ಆಕೆ ಗಾಜನ್ನು ಇಳಿಸಿ, ತಮ್ಮ ಕೈಯನ್ನೇ ಹೊರಗೆ ಚಾಚಿದರು.