ಗದಗಿನಲ್ಲಿ ಪ್ಲಾಟು ಕೊಳ್ಳುವ ಮುನ್ನ



ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯಿಂದ ನೌಕರಿ, ಕಾಲೇಜಿಗೆಂದು ದಿನವೂ ಬಸ್ಸಿನಲ್ಲಿ ಗದಗಿಗೆ ಹೋಗಿಬರುವವರು ಬಹಳ. ಅಲ್ಲಿಯೇ ಪ್ಲಾಟು ಕೊಳ್ಳಲು ಹೊಲ ಮಾರುವ ಯೋಚನೆ ನಿಮಗಿದ್ದರೆ ಮೊದಲು ಲೆಕ್ಕ ಹಾಕಿರಿ.

ಗದಗ-ಬೆಟಗೇರಿಯ ಜನಸಂಖ್ಯೆ 2001ರಲ್ಲಿ ಸುಮಾರು 1.55 ಲಕ್ಷ, 2011ರಲ್ಲಿ ಸುಮಾರು 1.72 ಲಕ್ಷ. ಏರಿಕೆ ನೂರಕ್ಕೆ 11ರಷ್ಟು. ಅದೇ ಅವಧಿಯಲ್ಲಿ ರಾಜ್ಯದ ಏರಿಕೆ ನೂರಕ್ಕೆ 15ಕ್ಕೂ ಹೆಚ್ಚು. ಬೆಲೆ ಬೇಗನೆ ದುಪ್ಪಟ್ಟಾದೀತೆಂಬ ದಲಾಲರ ಮಾತನ್ನು ಈ ಅಂಕಿಗಳೊಡನೆ ತೂಗಿ ನೋಡಿರಿ.

ಬಡಾವಣೆಯ ನಕ್ಷೆ ಮಂಜೂರಾಗಿದೆಯೇ ವಿಚಾರಿಸಿರಿ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ಬುನಾದಿಯನ್ನು ಗಟ್ಟಿ ನೆಲ ಸಿಗುವವರೆಗೆ ಇಳಿಸಬೇಕು. ಆ ಖರ್ಚನ್ನೂ ಸೇರಿಸಿರಿ.

ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ 2023ರಿಂದ ಟಿಕೀಟಿನ ಖರ್ಚಿಲ್ಲ. ಗಂಡುಮಕ್ಕಳಿಗೆ ವಿದ್ಯಾರ್ಥಿ ಪಾಸುಂಟು. ಮಕ್ಕಳ ಓದು ಬಸ್ಸಿನಲ್ಲೋ ಬಾಡಿಗೆ ಕೋಣೆಯಲ್ಲೋ ಸಾಗುವುದಾದರೆ ಹೊಲ ಉಳಿಸಿಕೊಳ್ಳಿರಿ.