ಅಂಗಡಿಗೆ ಬಾರದ ಬಣ್ಣಗಳು

ಕತಾರ್‌ಗಾಮಿನ ನಮ್ಮ ಬಳಗದಲ್ಲಿ ಸೀರೆಗೆ ಅಚ್ಚು ಹಾಕುವವರಿದ್ದಾರೆ. ಬಣ್ಣಕ್ಕೊಂದು ಸ್ಕ್ರೀನ್ ಬೇಕೆಂಬುದು ಅವರಿಗೆ ಹೊಸ ಮಾತಲ್ಲ. ಚಿತ್ರಗಾರನು ಎಂಟು ಬಣ್ಣದಲ್ಲಿ ಬರೆದುದು ಲೆಕ್ಕದ ಮೇಜಿಗೆ ಬಂದಾಗ ಐದಾಗುವುದುಂಟು. ಉಳಿದವು ಕಾಗದದಲ್ಲಿಯೇ ಉಳಿದವು.

ಪ್ಲಾಸ್ಟಿಕ್ ವೀರಬೊಂಬೆಗಳ ಕಥೆಯೂ ಇದೇ. ಹೊಸ ಉಕ್ಕಿನ ಅಚ್ಚಿನಲ್ಲಿ ಪ್ಲಾಸ್ಟಿಕ್ಕು ಬೆರಳ ತುದಿಯವರೆಗೆ ಹರಿಯುವುದೋ ಎಂದು ನೋಡಲು, ಕೈಗೆ ಸಿಕ್ಕಿದ ಬಣ್ಣದ ಕಾಳನ್ನೇ ಕರಗಿಸಿ ತುಂಬುತ್ತಾರೆ. ಕಪ್ಪುಡುಗೆಯ ವೀರನೂ ಮೊದಲು ಹಸಿರಾಗಿ ಹುಟ್ಟಬಹುದು! ಆಮೇಲೆ ಒಂದೆರಡಕ್ಕೆ ಕೈಯಿಂದ ಬಣ್ಣ ಬಳಿದು ಒಪ್ಪಿಗೆಗೆ ಇಡುತ್ತಾರೆ. ಕಾರಖಾನೆಯಲ್ಲಿ ಬಣ್ಣ ಸಿಂಪಡಿಸಲು ಪ್ರತಿ ಬಣ್ಣಕ್ಕೂ ಬೇರೆ ಮುಸುಕು, ಬೇರೆ ಕೂಲಿ. ಆದ್ದರಿಂದ ಇಲ್ಲಿಯೂ ಕತ್ತರಿ. ನಮ್ಮ ಚನ್ನಪಟ್ಟಣದಲ್ಲಾದರೆ ತಿರುಗುವ ಮರಕ್ಕೆ ಬೇರೊಂದು ಅರಗಿನ ಕಡ್ಡಿ ಒತ್ತಿದರೆ ಸಾಕು.

ಅಮೆರಿಕದ ಕೆನ್ನರ್ ಕಂಪನಿಯು 1979ರಲ್ಲಿ ಬೋಬಾ ಫೆಟ್ ಎಂಬ ಸಿನಿಮಾ ಪಾತ್ರದ ಬೊಂಬೆಗೆ ಬೆನ್ನಿನಿಂದ ಚಿಮ್ಮುವ ರಾಕೆಟ್ ಯೋಜಿಸಿತ್ತು. ಅಷ್ಟರಲ್ಲಿ ಬೇರೊಂದು ಆಟಿಕೆಯ ಗುಂಡು ಗಂಟಲಿಗೆ ಸಿಕ್ಕಿ ಮಗುವೊಂದು ತೀರಿಕೊಂಡಿತು. ಕೆನ್ನರ್ ರಾಕೆಟ್ಟನ್ನು ಅಂಟಿಸಿಯೇ ಮಾರಿತು. ಬಣ್ಣ ಕಾಣದ ನೀಲಿಬೂದು ನಮೂನೆಗಳು ಕೆಲವು ಉಳಿದವು. ಕೈಯಿಂದ ಬಣ್ಣ ಬಳಿದದ್ದೊಂದು 2024ರ ಹರಾಜಿನಲ್ಲಿ 5,25,000 ಡಾಲರಿಗೆ ಹೋಯಿತು.

ಹಣವಿದ್ದಲ್ಲಿ ಮೋಸವೂ ಉಂಟು. ಮಾರಿದ ಬೊಂಬೆಯಿಂದಲೇ ಅಚ್ಚು ತೆಗೆದು, ಬೇರೆ ಬಣ್ಣದಲ್ಲಿ ಎರೆದು ‘ನಮೂನೆ’ ಎನ್ನುವವರಿದ್ದಾರೆ. ಹಾಗೆ ಎರೆದದ್ದು ಮೂಲಕ್ಕಿಂತ ಕೂದಲೆಳೆಯಷ್ಟು ಕುಗ್ಗಿರುತ್ತದೆ. ಬಲ್ಲವರು ಬಣ್ಣವನ್ನು ನಂಬದೆ, ನಮ್ಮ ಓಣಿಯ ವಜ್ರದ ಕೆಲಸದವರಂತೆ ಅಳೆದೇ ನೋಡುತ್ತಾರೆ.