ಸೋಡಾಬುಡ್ಡಿ ಕನ್ನಡಕ ಬೇಡ್ವಾ? ಮೊದಲು ಫ್ರೇಮ್ ನೋಡಿ

ಮೈನಸ್ ಐದು, ಆರು ಪವರ್ ಇದೆಯಾ? ಹಾಗಾದ್ರೆ ಅಗಲವಾದ ಫ್ರೇಮ್ ಕೆಳಗಿಡಿ. ಮೈನಸ್ ಲೆನ್ಸ್ ನಡುವೆ ತೆಳು, ಅಂಚಿಗೆ ಹೋದಷ್ಟೂ ದಪ್ಪ. ಫ್ರೇಮ್ ಚಿಕ್ಕದಾದ್ರೆ ಆ ದಪ್ಪ ಅಂಚು ಲೆನ್ಸ್ ಕತ್ತರಿಸುವಾಗಲೇ ಹೋಗುತ್ತೆ. ಕಣ್ಣಿನ ಪಾಪೆ ಫ್ರೇಮಿನ ಮಧ್ಯಕ್ಕೆ ಬಂದ್ರೆ ಇನ್ನೂ ಒಳ್ಳೇದು.

ಆಮೇಲೆ ಇಂಡೆಕ್ಸ್, ಅಂದ್ರೆ ಲೆನ್ಸ್ ಬೆಳಕನ್ನು ಎಷ್ಟು ಬಾಗಿಸುತ್ತೆ ಅನ್ನೋ ಅಂಕಿ. ಮಾಮೂಲಿ ಪ್ಲಾಸ್ಟಿಕ್ 1.50. ಅದೇ ಪವರಿಗೆ 1.67 ತೆಳ್ಳಗಿರುತ್ತೆ, ದುಡ್ಡೂ ಜಾಸ್ತಿ. ಬೆಳಕಿನ ಪ್ರತಿಫಲನವೂ ಜಾಸ್ತಿ, ಅದಕ್ಕೇ ಆಂಟಿ ರಿಫ್ಲೆಕ್ಷನ್ ಕೋಟಿಂಗ್ ಬೇಕೇ ಬೇಕು. ಮೈನಸ್ ಒಂದಕ್ಕೂ 1.67 ತಗೊಳ್ಳಿ ಅಂತ ಅಂಗಡಿಯವರು ಅಂದ್ರೆ? ನಗ್ತಾ ಬೇಡ ಅನ್ನಿ.

ಮಕ್ಕಳಿಗೆ ಪಾಲಿಕಾರ್ಬೊನೇಟ್. ಸುಲಭಕ್ಕೆ ಒಡೆಯಲ್ಲ, ಆದ್ರೆ ಬೇಗ ಗೀರು ಬೀಳುತ್ತೆ; ಹಾರ್ಡ್ ಕೋಟಿಂಗ್ ಇರಲಿ.

ಹಾಂ, ಪಿಡಿ! ಎರಡೂ ಕಣ್ಣಿನ ಪಾಪೆಗಳ ನಡುವಿನ ಅಂತರ. ಆರ್ಡರ್ ಕೊಡೋ ಮುಂಚೆ ಅಳೆಸಿ, ಚೀಟಿಯಲ್ಲಿ ಬರೆಸಿಕೊಳ್ಳಿ.